ಹೆಬ್ಬೆಟ್ಟು ನಮ್ಮದು, ಬೀಗದ ಕೈ ಕಳ್ಳರದು!

ಕನ್ನಡದ ಯುವಕ ಯುವತಿಯರೇ, ನಿಮ್ಮ ಅಪ್ಪನ ಹೆಬ್ಬೆಟ್ಟು ಈಗ ಎಲ್ಲಿದೆ ಗೊತ್ತೇ? ಕೈಯಲ್ಲೇ ಇದೆ ಅನ್ನುತ್ತೀರಿ. ಸೈಟಿನ ಕ್ರಯಪತ್ರದಲ್ಲೂ ಇದೆ. ಅದರ ನಕಲು ಸರ್ಕಾರದ ಕಂಪ್ಯೂಟರಿನಲ್ಲಿದೆ. ಅಲ್ಲಿಂದ ಯಾವನ ಜೇಬಿಗೆ ಹೋಗಿದೆಯೋ ದೇವರೇ ಬಲ್ಲ!

ಇದು ಹೆದರಿಸುವ ಮಾತಲ್ಲ, ನಡೆದ ಮಾತು. 2023ರಲ್ಲಿ ಮಂಗಳೂರಿನಲ್ಲಿ, ಬೆಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿ ಮನೆಗೆ ಬಂದವರ ಖಾತೆಗಳಿಂದ ಸದ್ದಿಲ್ಲದೆ ಹಣ ಹೋಯಿತು. ಯಾರೂ ಫೋನ್ ಮಾಡಿ ಒಟಿಪಿ ಕೇಳಿರಲಿಲ್ಲ. ಇವರು ಯಾವ ಲಿಂಕನ್ನೂ ಒತ್ತಿರಲಿಲ್ಲ. ಪೊಲೀಸರು ಬೆಟ್ಟು ಮಾಡಿದ್ದು ನಮ್ಮದೇ ಕಾವೇರಿ ತಂತ್ರಾಂಶದ ನೋಂದಣಿ ಪತ್ರಗಳ ಕಡೆಗೆ. ಅದರಲ್ಲಿ ಆಧಾರ್ ಸಂಖ್ಯೆಯೂ ಇತ್ತು, ಬೆರಳಚ್ಚೂ ಇತ್ತು. ಎಇಪಿಎಸ್ ಎಂಬ ಆಧಾರ್ ಪಾವತಿ ವ್ಯವಸ್ಥೆಯಲ್ಲಿ ಹಣ ತೆಗೆಯಲು ಬೇಕಾದ್ದು ಮೂರೇ: ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳು. ಪಿನ್ ಬೇಡ, ಒಟಿಪಿ ಬೇಡ. ಹಳ್ಳಿಯ ಅಜ್ಜಿಗೆ ಪಿಂಚಣಿ ಸುಲಭವಾಗಿ ಸಿಗಲಿ ಎಂದು ಮಾಡಿದ ಬಾಗಿಲಲ್ಲಿ ಕಳ್ಳನೂ ಸುಲಭವಾಗಿ ನುಗ್ಗಿದ!

ಬೆರಳನ್ನು ಹೇಗೆ ಕದಿಯುತ್ತಾರೆ ಎಂದು ಕೇಳುವವರಿಗೆ ನಾನೇ ಹೇಳುತ್ತೇನೆ. ನನ್ನದು ಪ್ರೆಸ್ಸು. ಲಗ್ನಪತ್ರಿಕೆ, ಬಿಲ್ ಬುಕ್, ಕರಪತ್ರದ ಜೊತೆಗೆ ರಬ್ಬರ್ ಸ್ಟಾಂಪನ್ನೂ ಮಾಡಿಕೊಡುತ್ತೇವೆ. ಕಾಗದದ ಮೇಲಿನ ಗೆರೆಯನ್ನು ಪಾಲಿಮರ್ ಮೇಲೆ ಉಬ್ಬಿಸಿ ನಿಲ್ಲಿಸುವುದು ಅರ್ಧ ಗಂಟೆಯ ಕೆಲಸ. ಗೆರೆ ಸಹಿಯದ್ದಾದರೇನು, ಹೆಬ್ಬೆಟ್ಟಿನದ್ದಾದರೇನು, ಯಂತ್ರಕ್ಕೆ ಎಲ್ಲ ಒಂದೇ. ಅದಕ್ಕೇ ಯಾರಾದರೂ ಕಚೇರಿಯ ಸೀಲು ಮಾಡಿಕೊಡಿ ಎಂದು ಬಂದರೆ ಮೊದಲು ಕಚೇರಿಯ ಪತ್ರ ತನ್ನಿ ಅನ್ನುತ್ತೇನೆ. ಪಿಯುಸಿ ಓದಿದ ನನಗಿರುವ ಈ ಎಚ್ಚರ ಐಎಎಸ್ ಓದಿದವರಿಗೆ ಇರಬಾರದೇ?

2018ರಲ್ಲಿ ಪಕ್ಕದ ತೆಲಂಗಾಣದಲ್ಲಿ ಒಬ್ಬ ಸಿಕ್ಕಿಬಿದ್ದಿದ್ದ. ನೋಂದಣಿ ಪತ್ರಗಳಿಂದ ಬೆರಳಚ್ಚು ಎತ್ತಿ, ರಬ್ಬರ್ ಸ್ಟಾಂಪ್ ಯಂತ್ರದಲ್ಲೇ ಅಚ್ಚು ಮಾಡಿ, ಕಂಡವರ ಹೆಸರಿನಲ್ಲಿ ಸಿಮ್ ಚಾಲೂ ಮಾಡುತ್ತಿದ್ದ. ಅದೇ ಪತ್ರ, ಅದೇ ಬೆರಳು! ನೆರೆಮನೆಗೆ ಬೆಂಕಿ ಬಿದ್ದು ಐದು ವರ್ಷವಾದರೂ ನಮ್ಮವರು ಒಂದು ಕೊಡ ನೀರು ಎತ್ತಿಡಲಿಲ್ಲ. 2023ರಲ್ಲಿ ಗಲಾಟೆಯಾದ ಮೇಲೆ ಪತ್ರಗಳಲ್ಲಿ ಬೆರಳಚ್ಚು ಮರೆಮಾಡಲು ಕೈಹಾಕಿದರು. ಆಗಲೇ ಹೊರಗೆ ಹೋದ ನಕಲುಗಳನ್ನು ಯಾರು ವಾಪಸ್ ತರುತ್ತಾರೆ? ಪಾಸ್‌ವರ್ಡ್ ಕದ್ದರೆ ಬದಲಾಯಿಸಬಹುದು. ಎಟಿಎಂ ಕಾರ್ಡ್ ಕಳೆದರೆ ಹೊಸದು ಕೊಡುತ್ತಾರೆ. ಹೊಸ ಹೆಬ್ಬೆರಳನ್ನು ಯಾವ ಇಲಾಖೆ ಕೊಡುತ್ತದೆ ಸ್ವಾಮಿ?

ಇನ್ನು ಒಟಿಪಿ. ಆರು ಅಂಕಿ, ಸುತ್ತಲೂ ಇಂಗ್ಲಿಷು. 'ಯಾರಿಗೂ ಹೇಳಬೇಡಿ' ಎಂಬ ಎಚ್ಚರಿಕೆಯೂ ಇಂಗ್ಲಿಷು. ಅಂಕಿ ಓದಲು ಬರುವ ನಮ್ಮ ತಾಯಂದಿರಿಗೆ ಆ ಎಚ್ಚರಿಕೆ ಓದಲು ಬರುವುದಿಲ್ಲ. ಅತ್ತ ಕಳ್ಳ ನೋಡಿ: "ಅಮ್ಮಾ, ಬ್ಯಾಂಕಿನಿಂದ ಮಾತಾಡ್ತಿದೀನಿ, ಮೊಬೈಲಿಗೆ ಬಂದ ನಂಬರ್ ಹೇಳಿ" ಎಂದು ಚೆನ್ನಾಗಿ ಕನ್ನಡದಲ್ಲೇ ಕೇಳುತ್ತಾನೆ! ಕಾವಲುಗಾರನಿಗೆ ಬಾರದ ಕನ್ನಡ ಕಳ್ಳನಿಗೆ ಬರುತ್ತದೆ.

ನಮ್ಮ ಪ್ರೆಸ್ಸಿನ ಬೈಂಡರ್ ಒಬ್ಬರ ಖಾತೆಯಿಂದ ಇಪ್ಪತ್ಮೂರು ಸಾವಿರ ಹೋಯಿತು. ಸಂದೇಶ ಬಂದಿತ್ತು, ಇಂಗ್ಲಿಷಿನಲ್ಲಿ. ಏನೋ ಜಾಹೀರಾತು ಎಂದುಕೊಂಡು ಬಿಟ್ಟರು. ಎಂಟನೇ ದಿನ ನನಗೆ ತೋರಿಸಿದಾಗ ಗೊತ್ತಾಯಿತು. ಬ್ಯಾಂಕಿನ ಹೆಸರು ಬೇಡ. ಅಲ್ಲಿನ ಅಧಿಕಾರಿ "ಲೇಟ್ ಆಯ್ತು" ಎಂದರು, ಅದೂ ಹಿಂದಿಯಲ್ಲಿ. ಈ 'ಲೇಟು' ಏನೆಂದು ತಿಳಿಯಿರಿ. 2017ರ ಜುಲೈ 6ರ ಸುತ್ತೋಲೆಯಲ್ಲಿ ರಿಸರ್ವ್ ಬ್ಯಾಂಕ್ ಹಾಕಿಕೊಟ್ಟ ಲೆಕ್ಕ ಇದು: ಗ್ರಾಹಕನದೂ ಬ್ಯಾಂಕಿನದೂ ತಪ್ಪಿಲ್ಲದೆ ಹೊರಗಿನವನು ಹಣ ಕದ್ದರೆ, ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟವನಿಗೆ ನಷ್ಟವೇ ಇಲ್ಲ. ನಾಲ್ಕರಿಂದ ಏಳು ದಿನವಾದರೆ ಒಂದು ಮಿತಿಯವರೆಗೆ ಅವನ ತಲೆಗೆ. ಏಳು ದಾಟಿದರೆ ಬ್ಯಾಂಕಿನವರ ಮರ್ಜಿ. ಗಡಿಯಾರ ಓಡಲು ಶುರುವಾಗುವುದೇ ಆ ಸಂದೇಶದಿಂದ. ಓದಲಾಗದ ಸಂದೇಶದಿಂದ ದಿನ ಎಣಿಸುವುದು ಯಾವ ನ್ಯಾಯ?

ಗ್ರಾಹಕರಿಗೆ ಕೊಡುವ ಅರ್ಜಿ, ಚಲನ್, ಪಾಸ್‌ಬುಕ್ ಮುಂತಾದ ಮುದ್ರಿತ ಸಾಮಗ್ರಿಯೆಲ್ಲ ಇಂಗ್ಲಿಷ್, ಹಿಂದಿಯ ಜೊತೆ ಆಯಾ ಪ್ರದೇಶದ ಭಾಷೆಯಲ್ಲೂ ಇರಬೇಕು ಎಂದು ಬ್ಯಾಂಕುಗಳಿಗೆ ಹೇಳಿದ್ದೂ ಇದೇ ರಿಸರ್ವ್ ಬ್ಯಾಂಕ್. 'ಮುದ್ರಿತ' ಎಂಬ ಆ ಮಾತನ್ನು ಗಮನಿಸಿ. ವ್ಯವಹಾರವೆಲ್ಲ ಕಾಗದ ಬಿಟ್ಟು ಮೊಬೈಲಿಗೆ ಹೋಯಿತು. ಕನ್ನಡ ಕಾಗದದಲ್ಲೇ ಉಳಿಯಿತು! (ಆ ಕಾಗದದಲ್ಲೂ ಎಷ್ಟು ಉಳಿದಿದೆ ಎಂಬುದನ್ನು ಶಾಖೆಗೆ ಹೋಗಿ ನೋಡಿ.)

ಲಗ್ನಪತ್ರಿಕೆಯನ್ನೂ ಕಳ್ಳರು ಬಿಟ್ಟಿಲ್ಲ. ವಾಟ್ಸಾಪಿನಲ್ಲಿ 'ಮದುವೆಗೆ ಬನ್ನಿ' ಎಂದು ಒಂದು ಕಡತ ಬರುತ್ತದೆ, ಹೆಸರಿನ ಕೊನೆಯಲ್ಲಿ 'ಎಪಿಕೆ' ಎಂದಿರುತ್ತದೆ. ಅದು ಪತ್ರಿಕೆಯಲ್ಲ, ಆ್ಯಪ್. ಒತ್ತಿದರೆ ಸಂದೇಶ ಓದಲು ಅನುಮತಿ ಕೇಳುತ್ತದೆ. ಇಂಗ್ಲಿಷಿನ ಪ್ರಶ್ನೆಗೆ ನಮ್ಮವರು 'ಅಲೋ' ಒತ್ತುತ್ತಾರೆ. ಆಮೇಲೆ ಬರುವ ಒಟಿಪಿಯೆಲ್ಲ ಸೀದಾ ಕಳ್ಳನಿಗೆ.

ಸಾಫ್ಟ್‌ವೇರ್ ಕಂಪನಿಗಳಲ್ಲಿ ದುಡಿಯುವ ಗೆಳೆಯರೇ, ಅಮೆರಿಕದ ಕಂಪನಿಯ ಕೀಲಿಗಳನ್ನು ಹಗಲೂ ರಾತ್ರಿ ಕಾಯುತ್ತೀರಿ. ಮನೆಯ ಕೀಲಿ ಕಾಯುವವರು ಯಾರು? ಈ ಭಾನುವಾರ ಅಮ್ಮನ ಫೋನ್ ಕೈಗೆ ತೆಗೆದುಕೊಳ್ಳಿ. ಅದರ ಭಾಷೆಯನ್ನು ಕನ್ನಡಕ್ಕೆ ತಿರುಗಿಸಿ, ಆಂಡ್ರಾಯ್ಡ್ ಫೋನಿನಲ್ಲಿ ಕನ್ನಡ ಇದೆ. ಯಾವ ಯಾವ ಆ್ಯಪಿಗೆ ಸಂದೇಶ ಓದುವ ಅನುಮತಿ ಇದೆ ನೋಡಿ, ಬೇಡದ್ದನ್ನು ಕಿತ್ತುಹಾಕಿ. ಹಣ ಪಡೆಯಲು ಯುಪಿಐ ಪಿನ್ ಬೇಕಿಲ್ಲ ಎಂದು ಮನೆಯಲ್ಲಿ ಎಲ್ಲರಿಗೂ ಹೇಳಿ. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಅಪ್ಪ ಅಮ್ಮನ ಬೆರಳಚ್ಚಿಗೆ ಬೀಗ ಹಾಕಿ. ಬೇಕಾದಾಗ ತೆಗೆಯಬಹುದು. ಹಣ ಹೋಯಿತೋ, ಆ ಕ್ಷಣವೇ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ.

ಸೋಮವಾರ ನಾಲ್ಕೈದು ಜನ ಸೇರಿ ನಿಮ್ಮ ಬ್ಯಾಂಕಿನ ಶಾಖೆಗೆ ಹೋಗಿ. ಒಟಿಪಿ, ಹಣ ಕಡಿತದ ಸಂದೇಶ ಎರಡೂ ಕನ್ನಡದಲ್ಲಿ ಬೇಕು ಎಂದು ಅರ್ಜಿ ಕೊಡಿ, ಕನ್ನಡದಲ್ಲೇ. ಇನ್ನೊಂದು ಪ್ರತಿಗೆ ಸ್ವೀಕೃತಿಯ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳದೆ ಅಲ್ಲಿಂದ ಏಳಬೇಡಿ.