ತವರಿನ ಬಾಗಿನಕ್ಕೂ ತಿಂಗಳ ಕಂತು

ಗೌರಿ ಹಬ್ಬಕ್ಕೆ ಇನ್ನೂ ಹದಿನೈದು ದಿನ ಇದೆ ಅನ್ನುವಾಗಲೇ ಮಂಡ್ಯದ ಪೇಟೆ ಬೀದಿಗೆ ಮೊರ ಬರುತ್ತೆ. ಅಂಗಡಿ ಕಟ್ಟೆ ಪಕ್ಕ ಗೋಣಿ ಹಾಸಿ, ಜೋಡಿ ಜೋಡಿ ಮೊರ ಒರಗಿಸಿಕೊಂಡು ಮೇದರ ಹೆಂಗಸರು ಕೂರುತ್ತಾರೆ. ಪಕ್ಕದಲ್ಲೇ ಅರಿಶಿನ, ಕುಂಕುಮ, ಬಳೆ ಬಿಚ್ಚೋಲೆ, ಅಂಗೈಯಗಲದ ಕನ್ನಡಿ, ಪುಟ್ಟ ಪುಟ್ಟ ಪ್ಲಾಸ್ಟಿಕ್ ಚೀಲದಲ್ಲಿ ಒಂದು ಹಿಡಿ ಅಕ್ಕಿ, ಒಂದು ಹಿಡಿ ಬೇಳೆ, ಬೆಲ್ಲದ ಚೂರು. ಬಸ್ಸಿಳಿದು ಬರುವ ಗಂಡಸಿಗೆ ಇಷ್ಟು ಕಂಡರೆ ಸಾಕು, ತಂಗಿಯ ನೆನಪಾಗುತ್ತೆ. ಅದರ ಹಿಂದೆಯೇ ಜೇಬಿನ ನೆನಪೂ ಆಗುತ್ತೆ.

ಮೊರಕ್ಕೆ ಚೌಕಾಸಿ ಮಾಡುವ ಚೆಂದ ನೋಡಬೇಕು. ಹತ್ತು ರೂಪಾಯಿ ಇಳಿಸೋಕೆ ಹತ್ತು ನಿಮಿಷ. "ಬಿದಿರು ಎಲ್ಲಿ ಸಿಕ್ತದೆ ಸ್ವಾಮಿ ಈಗ, ಕೈ ನೋಡಿ ಹೆಂಗೆ ಸೀಳೋಗವೆ" ಅಂತ ಮೊರದವಳು ಅಂಗೈ ತೋರಿಸಿದರೂ ಬಿಡುವವರಿಲ್ಲ. ಅದೇ ಮನುಷ್ಯ ನೂರಡಿ ರಸ್ತೆಯ ಷೋರೂಮಿಗೆ ಹೋದರೆ ಬಾಯೇ ಇಲ್ಲ. ಹುಡುಗ ತೋರಿಸಿದ ಕಡೆಯೆಲ್ಲ ಸಹಿ ಹಾಕಿ, ಫೋನಿಗೆ ಬಂದ ನಂಬರು ಓದಿ ಹೇಳಿ, ಮಿಕ್ಸಿ ಹೊತ್ತುಕೊಂಡು ಬರುತ್ತಾನೆ. ಬಡ್ಡಿ ಎಷ್ಟಪ್ಪಾ ಅಂದರೆ "ಬಡ್ಡಿ ಸೊನ್ನೆ ಸಾರ್" ಅನ್ನುತ್ತಾನೆ ಹುಡುಗ. ಸೊನ್ನೆ ಬಡ್ಡಿ ಅನ್ನುವುದು ಲೋಕದಲ್ಲೇ ಇಲ್ಲ, ಅದನ್ನು ಬೇರೆ ಶುಲ್ಕದ ಹೆಸರಲ್ಲಿ ಮುಚ್ಚಿಟ್ಟು ವಸೂಲು ಮಾಡುತ್ತಾರೆ ಅಂತ ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರಿನಲ್ಲೇ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿತ್ತು. ಸುತ್ತೋಲೆ ಬ್ಯಾಂಕಿನ ಕಡತದಲ್ಲಿದೆ. ಬೋರ್ಡು ರಸ್ತೆಯಲ್ಲಿದೆ.

ಇದನ್ನೆಲ್ಲ ನೋಡಿ "ಜನ ಕೆಟ್ಟರು, ಕೊಳ್ಳುಬಾಕರಾದರು" ಅಂತ ಭಾಷಣ ಬಿಗಿಯುವುದು ಸುಲಭ. ಭಾಷಣ ಮಾಡುವವರ ಮನೆಗೂ ಹಬ್ಬಕ್ಕೆ ಪೆಟ್ಟಿಗೆಗಟ್ಟಲೆ ಸಿಹಿ ಬರುತ್ತೆ ಅನ್ನೋದು ಬೇರೆ ಮಾತು. ಬಾಗಿನದ ವಿಷಯ ಅಷ್ಟು ಸಲೀಸಲ್ಲ.

ಬಾಗಿನ ಕೊಡೋದು ತೆಗೆದುಕೊಳ್ಳೋದು ಈ ಸೀಮೆಗೆ ಹೊಸದೇನಲ್ಲ. ಗೌರಿ ಹಬ್ಬ ಬಂತು ಅಂದರೆ ಅಣ್ಣನೋ ತಮ್ಮನೋ ಹೆಣ್ಣುಮಕ್ಕಳ ಮನೆಗೆ ಹೋಗಿ ತವರಿನ ಬಾಗಿನ ಮುಟ್ಟಿಸಿ ಬರಬೇಕು. ಮೊರದೊಳಗೆ ಇರುತ್ತಿದ್ದ ಸಾಮಾನು ಪಟೇಲನ ಮನೆಯದಾದರೂ ಅಷ್ಟೇ, ಜೀತದವನ ಮನೆಯದಾದರೂ ಹೆಚ್ಚುಕಮ್ಮಿ ಅಷ್ಟೇ: ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿ, ಬಳೆ, ಒಂದು ರವಿಕೆ ಕಣ. ಮೇಲೊಂದು ಮೊರ ಮುಚ್ಚಿಬಿಟ್ಟರೆ ಒಳಗೆ ಏನಿದೆ ಅಂತ ಬೀದಿಯವರಿಗೆ ಕಾಣುತ್ತಿರಲಿಲ್ಲ. ಇನ್ನು ಆ ರವಿಕೆ ಕಣದ ಕಥೆ ಓದುಗರಿಗೆ ಹೇಳಬೇಕಿಲ್ಲ. ಮದ್ದೂರಿನಲ್ಲಿ ಕೊಂಡದ್ದು ಮಳವಳ್ಳಿಗೆ ಹೋಗಿ, ಅಲ್ಲಿಂದ ಕೆ.ಆರ್. ಪೇಟೆ ಸೇರಿ, ನಾಗಮಂಗಲ ಸುತ್ತಿ, ಮೂರು ವರ್ಷಕ್ಕೆ ಕೊಂಡವಳ ಕೈಗೇ ವಾಪಸು ಬರುತ್ತೆ. ಹೊಲಿಸಿಕೊಂಡವರಿಲ್ಲ. ಬೇಜಾರು ಮಾಡಿಕೊಂಡವರೂ ಇಲ್ಲ. ಗುರುತು ಸಿಕ್ಕರೆ ಇಬ್ಬರೂ ಕೂತು ನಗುತ್ತಾರೆ, ಅಷ್ಟೇ.

ಈಗ ಮೊರದ ಮೇಲೆ ನೋಟು ಕೂತಿದೆ. ಸಾವಿರ ಇದ್ದದ್ದು ಎರಡಾಯಿತು, ಎರಡು ಐದಾಯಿತು. ನೋಟಿನ ಪಕ್ಕ ಸೀರೆ, ಸೀರೆಯ ಪಕ್ಕ ಕುಕ್ಕರು, ಸ್ಥಿತಿವಂತರಾದರೆ ಬೆಳ್ಳಿ ದೀಪ. ಚಿನ್ನದ ಮಾತು ಮಾತ್ರ ಈಚೆಗೆ ಕಮ್ಮಿಯಾಗಿದೆ. 2025ರ ಏಪ್ರಿಲಿನಲ್ಲಿ ಹತ್ತು ಗ್ರಾಮಿಗೆ ಒಂದು ಲಕ್ಷ ದಾಟಿದ ಮೇಲೆ ಅದರ ಹೆಸರು ಎತ್ತಲು ಭಾವನಿಗೂ ನಾಚಿಕೆ. ಮೊರ ಮುಚ್ಚುವ ಪದ್ಧತಿಯೂ ಹೋಯಿತು. ಬಾಗಿನ ಕೊಟ್ಟ ಗಳಿಗೆಯಲ್ಲೇ ಫೋಟೋ, ಅದು ಸಂಜೆಯೊಳಗೆ ಓರಗಿತ್ತಿಯರ ಫೋನಿಗೆಲ್ಲ ಹೋಗಿರುತ್ತೆ. "ನಿಮ್ಮಣ್ಣ ಇಷ್ಟೇನಾ ತಂದಿದ್ದು" ಅಂತ ಅತ್ತೆ ಬಾಯಿಬಿಟ್ಟು ಕೇಳಬೇಕಾಗಿಲ್ಲ. ಓರಗಿತ್ತಿಯ ಬಾಗಿನದ ಫೋಟೋ ಎದುರಿಗೆ ಹಿಡಿದರೆ ಸಾಕು.

ಈ ನೋಟು ಎಲ್ಲಿಂದ ಬರುತ್ತೆ ಅನ್ನೋದೇ ಇಲ್ಲಿ ಕೇಳಬೇಕಾದ ಮಾತು. ಗಾರೆ ಕೆಲಸದವನಿಗೆ, ಆಟೋದವನಿಗೆ, ಅಂಗಡಿಯಲ್ಲಿ ಸಾಮಾನು ಕಟ್ಟುವ ಹುಡುಗನಿಗೆ ಬೋನಸ್ಸಿಲ್ಲ. 1965ರ ಬೋನಸ್ ಕಾಯಿದೆ 2025ರವರೆಗೆ ನೂರಕ್ಕೆ 8.33 ಕನಿಷ್ಠ ಅನ್ನುತ್ತಿತ್ತು, ನಿಜ. ಅದು ಕಾರ್ಖಾನೆಗಳಿಗೆ ಮತ್ತು ಇಪ್ಪತ್ತು ಜನಕ್ಕಿಂತ ಕಮ್ಮಿ ಇಲ್ಲದ ಸಂಸ್ಥೆಗಳಿಗೆ ಅಂತ ಮಾಡಿದ್ದ ಕಾಯಿದೆ. ಪೇಟೆ ಬೀದಿಯ ಯಾವ ಅಂಗಡಿಯಲ್ಲಿ ಇಪ್ಪತ್ತು ಜನ ಇದ್ದಾರೆ? ಬೆಳೆಗಾರನ ಪಾಡು ಇನ್ನೊಂದು ಥರ. ಗೌರಿ ಬರುವುದು ಭಾದ್ರಪದದಲ್ಲಿ. ಭತ್ತ ಇನ್ನೂ ಗದ್ದೆಯಲ್ಲಿ ಹಸಿರಾಗಿರುತ್ತೆ, ಗೊಬ್ಬರದ ಸಾಲ ಅಂಗಡಿ ಪುಸ್ತಕದಲ್ಲಿರುತ್ತೆ.

ಹಾಗಾಗಿ ನೋಟು ಬರುವುದು ಸಂಘದಿಂದ. ಸಂಘ ಅಂದರೆ ಊರವರು ಮಾಡಿಕೊಂಡ ಸಂಘ ಅಲ್ಲ, ಬೈಕಿನಲ್ಲಿ ಬರುವ ಮೈಕ್ರೋ ಫೈನಾನ್ಸಿನ ಸಂಘ. ಅವರು ಸಾಲ ಕೊಡುವುದು ಹೆಚ್ಚಾಗಿ ಹೆಂಗಸರಿಗೆ. ಗಂಡನ ತಂಗಿಗೆ ಬಾಗಿನ ಕೊಡಲು ಹೆಂಡತಿ ಸಹಿ ಹಾಕುತ್ತಾಳೆ. ಅದೇ ವಾರ ಅವಳ ತವರಿನಲ್ಲಿ ಅವಳಣ್ಣ ಅವಳಿಗೆ ಬಾಗಿನ ತರಲು ತನ್ನ ಹೆಂಡತಿಯ ಕೈಲಿ ಸಹಿ ಹಾಕಿಸಿರುತ್ತಾನೆ. ಆ ಅತ್ತಿಗೆಯ ತವರಿನಲ್ಲೂ ಇದೇ. ಒಬ್ಬಳೇ ಹೆಣ್ಣು ಒಂದು ಮನೆಗೆ ಬಾಗಿನ ತೆಗೆದುಕೊಳ್ಳುವ ತಂಗಿ, ಇನ್ನೊಂದು ಮನೆಗೆ ಬಾಗಿನದ ಕಂತು ಕಟ್ಟುವ ಅತ್ತಿಗೆ. ರವಿಕೆ ಕಣ ಊರೆಲ್ಲ ಸುತ್ತಿ ವಾಪಸು ಬಂದ ಹಾಗೆ ನೋಟೂ ಸುತ್ತುತ್ತೆ ಅಂದುಕೊಳ್ಳಬೇಡಿ. ಬಡ್ಡಿ ಸುತ್ತುವುದಿಲ್ಲ. ಅದು ನೆಟ್ಟಗೆ ಒಂದೇ ಕಡೆ ಹೋಗುತ್ತೆ.

ಲೆಕ್ಕ ಹಾಕಿ ನೋಡಿ. ಮೂವರು ತಂಗಿಯರಿಗೆ ತಲಾ ಮೂರು ಸಾವಿರ ನಗದು, ತಲಾ ಸಾವಿರದ ಸೀರೆ ಅಂದರೆ ಹನ್ನೆರಡು ಸಾವಿರ. ಹಣ್ಣು, ತಿಂಡಿ, ಮಕ್ಕಳ ಕೈಗೆ ಅಷ್ಟಿಷ್ಟು. ಮನೆಯಲ್ಲೂ ಹಬ್ಬ ಆಗಬೇಕಲ್ಲ. ಇಪ್ಪತ್ತು ಸಾವಿರ ಸಾಲ ಎತ್ತಿದ್ದಾಯಿತು. ವರ್ಷಕ್ಕೆ ನೂರಕ್ಕೆ 24ರ ಬಡ್ಡಿ, ಎರಡು ವರ್ಷದ ಕಂತು ಅಂತ ಹಿಡಿದರೆ ತಿಂಗಳಿಗೆ ಸುಮಾರು 1,060 ರೂಪಾಯಿ ಕಟ್ಟಬೇಕು. ತೀರುವ ಹೊತ್ತಿಗೆ 25,000 ದಾಟಿರುತ್ತೆ. ಅಂದರೆ ಐದು ಸಾವಿರಕ್ಕೂ ಮೇಲೆ ಯಾವ ತಂಗಿಯ ಮೊರಕ್ಕೂ ಬೀಳದೆ ಹೋಯಿತು. ಸಾಲ ತೀರುವುದರೊಳಗೆ ಇನ್ನೊಂದು ಗೌರಿ ಬಂದೇ ಬರುತ್ತಾಳೆ, ಆಗ ಇನ್ನೊಂದು ಸಂಘ. ಒಬ್ಬಳು ಕಟ್ಟದಿದ್ದರೆ ಜೊತೆಯವರು ಕಟ್ಟಬೇಕು ಅನ್ನುವ ಕರಾರು ಬೇರೆ. ಹಬ್ಬದ ದಿನ ಅರಿಶಿನ ಕುಂಕುಮ ಕೊಟ್ಟ ನೆರೆಯವಳೇ ಕಂತಿನ ದಿನ ಬಾಗಿಲಿಗೆ ಬಂದು ಕೂರುತ್ತಾಳೆ. ಎಲ್ಲಾ ಕಂತು ಸೇರಿ ಮನೆಯ ತಿಂಗಳ ಆದಾಯದ ಅರ್ಧ ಮೀರಬಾರದು ಅಂತ ರಿಸರ್ವ್ ಬ್ಯಾಂಕು 2022ರಲ್ಲಿ ನಿಯಮ ಮಾಡಿದೆ. ಕೂಲಿಯವನ ತಿಂಗಳ ಆದಾಯ ಎಷ್ಟು ಅಂತ ಕೂಲಿಯವನಿಗೇ ಗೊತ್ತಿರುವುದಿಲ್ಲ. ಬೈಕಿನವನಿಗೆ ಹೇಗೆ ಗೊತ್ತಾಗಬೇಕು?

2025ರ ಜನವರಿಯಲ್ಲಿ ಏನಾಯಿತು ಅಂತ ಮರೆತಿರಲಾರಿರಿ. ಚಾಮರಾಜನಗರ ಜಿಲ್ಲೆಯ ಊರುಗಳಲ್ಲಿ ಮನೆಗೆ ಬೀಗ ಹಾಕಿ ಜನ ಊರು ಬಿಟ್ಟರು. ಮಂಡ್ಯ ಜಿಲ್ಲೆಯೂ ಸೇರಿದಂತೆ ಹಲವು ಕಡೆ ಜೀವ ಹೋದವು. ಫೆಬ್ರವರಿಯಲ್ಲಿ ಸರ್ಕಾರ ವಸೂಲಿ ದಬ್ಬಾಳಿಕೆ ತಡೆಯಲು ಸುಗ್ರೀವಾಜ್ಞೆ ತಂದಿತು. ಆ ಸಾಲಗಳೆಲ್ಲ ಬಾಗಿನದ ಸಾಲ ಅಂತ ಯಾರೂ ಹೇಳುವುದಿಲ್ಲ. ಆಸ್ಪತ್ರೆ, ಮನೆ, ಮದುವೆ, ಹಸು, ಬೋರ್‌ವೆಲ್ ಎಲ್ಲಾ ಇರುತ್ತೆ. ಆದರೆ ಆಸ್ಪತ್ರೆ ಸಾಲ ಹೇಳದೆ ಕೇಳದೆ ಬರುವಂಥದ್ದು. ಗೌರಿ ಹಬ್ಬ ಯಾವತ್ತು ಅಂತ ಪಂಚಾಂಗದಲ್ಲಿ ಒಂದು ವರ್ಷ ಮುಂಚೆ ಅಚ್ಚಾಗಿರುತ್ತೆ.

ಎರಡು ಮೂರು ವರ್ಷ ಹಿಂದಕ್ಕೆ ಹೋದರೆ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತೆ. 2023ರ ಸೆಪ್ಟೆಂಬರ್ 18ಕ್ಕೆ ಗೌರಿ ಹಬ್ಬ. ಅದಕ್ಕೆ ಐದು ದಿನ ಮುಂಚೆ, 13ನೇ ತಾರೀಕು, ಸರ್ಕಾರ 195 ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಿತ್ತು. 124.80 ಅಡಿಯ ಕನ್ನಂಬಾಡಿ ಕಟ್ಟೆಯಲ್ಲಿ ನೀರು ನೂರು ಅಡಿಗೂ ಕೆಳಗಿತ್ತು. ಇರುವ ನೀರನ್ನೂ ತಮಿಳುನಾಡಿಗೆ ಬಿಡುವುದಕ್ಕೆ ರೈತರು ರಸ್ತೆಗಿಳಿದಿದ್ದರು. ಹಬ್ಬ ಕಳೆದ ಐದೇ ದಿನಕ್ಕೆ ಮಂಡ್ಯ ಬಂದ್ ಆಯಿತು. ಅಂಥ ವರ್ಷ ಬಾಗಿನ ನಿಂತಿತೆ? ಇಲ್ಲ. ಆ ವರ್ಷ ಎರಡು ಹೊಸ ವಿಷಯ ನಡೆದಿದ್ದವು. ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾಗಿತ್ತು. ಆಗಸ್ಟ್ 30ಕ್ಕೆ ಮೈಸೂರಿನಲ್ಲಿ ಗೃಹಲಕ್ಷ್ಮಿ ಶುರುವಾಗಿ ಮನೆಯೊಡತಿಗೆ ಎರಡು ಸಾವಿರ ಬರತೊಡಗಿತ್ತು. ಅಣ್ಣ ಬರಲಿ ಅಂತ ಬಾಗಿಲಲ್ಲಿ ಕಾಯುವುದರ ಬದಲು ತಂಗಿಯೇ ಟಿಕೆಟ್ಟಿನ ಚಿಂತೆ ಇಲ್ಲದೆ ಬಸ್ಸು ಹತ್ತಿ ತವರಿಗೆ ಹೋಗಬಹುದಾಯಿತು. ನಾಗಮಂಗಲದ ಬಸ್ಸಿನಲ್ಲಿ ನಿಲ್ಲಲು ಜಾಗವಿಲ್ಲ ಅಂತ ಗೊಣಗಿದ ಗಂಡಸರಿಗೆ ಇದು ಹೊಳೆಯಲಿಲ್ಲ. ತಂಗಿಯ ಕೈಯಲ್ಲಿ ತನ್ನದು ಅನ್ನುವ ಎರಡು ಸಾವಿರ, ಅಣ್ಣನ ಗದ್ದೆ ಒಣಗಿದೆ. ಯಾರು ಯಾರಿಗೆ ಬಾಗಿನ ಕೊಡಬೇಕಿತ್ತು ಹೇಳಿ.

ಹಾಗಂತ ತಂಗಿಯರೇ ಆಸೆಬುರುಕರು ಅಂತ ಯಾರಾದರೂ ಬಾಯಿ ಹಾಕುವ ಮುಂಚೆ ಇನ್ನೊಂದು ಪುಸ್ತಕ ತೆಗೆಯಬೇಕಾಗುತ್ತೆ. ಸಬ್ ರಿಜಿಸ್ಟ್ರಾರ್ ಕಚೇರಿಯ ಪುಸ್ತಕ. 1994ರಲ್ಲೇ ಕರ್ನಾಟಕ ತನ್ನ ತಿದ್ದುಪಡಿ ಮಾಡಿತು, 2005ರಲ್ಲಿ ಕೇಂದ್ರ ಸರ್ಕಾರ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತು, ಆ ಹಕ್ಕು ಹುಟ್ಟಿನಿಂದಲೇ ಬರುವುದು ಅಂತ 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆದರೂ ಎಷ್ಟೋ ಜನ ಅಕ್ಕತಂಗಿಯರು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ, ಎಕರೆಗಟ್ಟಲೆ ಬಿಟ್ಟುಕೊಟ್ಟು ಬಂದಿದ್ದಾರೆ. ಯಾಕೆ ಅಂದರೆ "ತವರಿನ ಬಾಗಿಲು ಮುಚ್ಚೋಗ್ಬಾರ್ದು ಕಣಣ್ಣ" ಅನ್ನುವುದೊಂದೇ ಉತ್ತರ. ಆ ಬಾಗಿಲು ಇನ್ನೂ ತೆರೆದಿದೆ ಅನ್ನುವುದಕ್ಕೆ ವರ್ಷಕ್ಕೊಮ್ಮೆ ಬರುವ ಮೊರವೇ ಸಾಕ್ಷಿ. ಮೊರ ನಿಂತರೆ ಅವಳಿಗೆ ನಷ್ಟ ಆಗುವುದು ಮೂರು ಸಾವಿರ ಅಲ್ಲ. ಖರ್ಚು ಕಡಿಮೆ ಮಾಡಿ ಅಂತ ಬುದ್ಧಿ ಹೇಳುವ ಅಣ್ಣಂದಿರು ಮೊದಲು ಪಹಣಿಯಲ್ಲಿ ಯಾರ ಹೆಸರಿದೆ ಅಂತ ನೋಡಿಕೊಂಡು ಮಾತಾಡಿದರೆ ಒಳ್ಳೆಯದು.

ಅಂಗಡಿಯವರ ಸಂಕಟವನ್ನೂ ಹೇಳದಿದ್ದರೆ ಅನ್ಯಾಯ. ಬಟ್ಟೆ ಅಂಗಡಿಯವನು ಬೆಂಗಳೂರಿನ ಚಿಕ್ಕಪೇಟೆಯಿಂದ ಸರಕು ತರುವುದೂ ಸಾಲದಲ್ಲೇ. ಹಬ್ಬದ ವ್ಯಾಪಾರ ಕೈಕೊಟ್ಟರೆ ಅವನು ದಸರಾ ಕಾಣುವುದಿಲ್ಲ. "ಜನ ಬಾಗಿನ ಬ್ಯಾಡ ಅಂತ ಕುಂತ್ಕಂಡ್ರೆ ನಾವು ಬಾಗಿಲು ಹಾಕ್ಕಂಡು ಮನ್ಗದೇಯ" ಅನ್ನುವ ಬಳೆ ಅಂಗಡಿಯವನ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಬಾಗಿನದ ಸಾಲದ ದುಡ್ಡಿನಲ್ಲಿ ಅವನ ಗಲ್ಲಕ್ಕೆ ಬೀಳುವುದೆಷ್ಟು? ಬಳೆ, ಅರಿಶಿನ, ಕಣ, ಮೊರ, ಬೆಲ್ಲ ಎಲ್ಲಾ ಸೇರಿದರೂ ಕೆಲವು ನೂರು. ಸಾವಿರಗಳು ಹೋಗುವುದು ಷೋರೂಮಿಗೆ, ಬಡ್ಡಿಗೆ. ಮುಂದಿನ ಹನ್ನೆರಡು ತಿಂಗಳು ಅದೇ ಮನೆಯವರು ಕಂತಿಗೆ ಸಾವಿರ ಎತ್ತಿಟ್ಟು, ದಿನಸಿ ಅಂಗಡಿಯಲ್ಲಿ ಕಾಲು ಕೆ.ಜಿ. ಬೇಳೆ ಕೇಳುತ್ತಾರೆ. ಹಬ್ಬದ ದಿನ ನಗುವ ಪೇಟೆ ಬೀದಿ ವರ್ಷವಿಡೀ ಯಾಕೆ ಬಿಕೋ ಅನ್ನುತ್ತೆ ಅಂತ ವರ್ತಕರು ತಲೆ ಕೆಡಿಸಿಕೊಂಡಿದ್ದಾರಲ್ಲ, ಅದಕ್ಕೆ ಒಂದು ಕಾರಣ ಇದು.

ಹಿಂದೆ ಅಂಗಡಿಯಲ್ಲಿ ಉದ್ರಿ ಇತ್ತು. ಉದ್ರಿಯವನಿಗೆ ಬೆಲೆಯಲ್ಲಿ ಎರಡು ಕಾಸು ಜಾಸ್ತಿ ಹಾಕುತ್ತಿದ್ದರು, ತೂಕದಲ್ಲಿ ಕೈಚಳಕವೂ ಇತ್ತು, ಅದನ್ನು ಹೊಗಳಬೇಕಿಲ್ಲ. ಆದರೂ ಮಳೆ ಹೋಯಿತು ಅಂದರೆ "ಸುಗ್ಗಿಗೆ ಕೊಡು ಹೋಗಯ್ಯಾ" ಅನ್ನುವ ಮನುಷ್ಯ ಎದುರಿಗೆ ಕೂತಿರುತ್ತಿದ್ದ. ಕಂತಿನ ಕಂಪನಿಗೆ ಕನ್ನಂಬಾಡಿಯಲ್ಲಿ ಎಷ್ಟು ಅಡಿ ನೀರಿದೆ ಅನ್ನುವುದು ಬೇಕಾಗಿಲ್ಲ.

ಇದನ್ನು ಸರಿ ಮಾಡೋಕೆ ಸರ್ಕಾರದ ಆಜ್ಞೆ ಕಾಯಬೇಕಿಲ್ಲ, ಸಮಿತಿಯೂ ಬೇಡ. ಅಣ್ಣ ತಾನಾಗಿ "ಈ ವರ್ಷ ಕಮ್ಮಿ" ಅಂದರೆ ಅದು ಜಿಪುಣತನ ಆಗುತ್ತೆ, ಅತ್ತಿಗೆ ಅಂದರಂತೂ ಜಗಳವೇ. ಅದನ್ನು ಮೊದಲು ಹೇಳಬಲ್ಲವಳು ತಂಗಿ ಒಬ್ಬಳೇ. ಹಾಗೆ ಹೇಳಿದವರು ಇದ್ದಾರೆ, ಬಸ್ಸಿನಲ್ಲಿ ಕಿವಿಗೊಟ್ಟರೆ ಕೇಳಿಸುತ್ತೆ. ಹಬ್ಬಕ್ಕೆ ವಾರ ಇರುವಾಗ ಮಳವಳ್ಳಿ ಬಸ್ಸಿನ ಕಿಟಕಿ ಪಕ್ಕ ಕೂತು ಒಬ್ಬಾಕೆ ಫೋನಿನಲ್ಲಿ ಜೋರಾಗಿ ಹೇಳುತ್ತಿದ್ದದ್ದು ಹೀಗೆ: "ಅಣ್ಣಾ, ಸಂಗ್‌ದಲ್ಲಿ ಎತ್ಕಂಡು ಬರ್ಬ್ಯಾಡ ಕಣೋ. ಅತ್ಗೆ ಕೈಲಿ ಕಟ್ಟಾಕಾಗಲ್ಲ. ಮೊರ ತತ್ತಾ, ಒಳಗೆ ನಮ್ಮ ಹಿತ್ಲ ತೆಂಗಿನಕಾಯಿ ಮಡ್ಗು. ನಾನೇ ಮುಚ್ಚಿ ಇಟ್ಕತೀನಿ, ಯಾರಿಗೂ ತೋರ್ಸಕಿಲ್ಲ. ಊಟಕ್ಕೆ ಇರ್ಬೇಕು ಮತ್ತೆ, ಹಂಗೇ ಓಡೋಗ್ಬ್ಯಾಡ."

ಆ ಕಡೆಯಿಂದ ಏನಂದರೋ ಬಸ್ಸಿನ ಸದ್ದಿಗೆ ಕೇಳಿಸಲಿಲ್ಲ. ಆಕೆ ಸೆರಗಿನಲ್ಲಿ ಮುಖ ಒರೆಸಿಕೊಂಡು, "ಕಡುಬು ಮಾಡ್ತೀನಿ ಬಾ" ಅಂದು ಫೋನು ಇಟ್ಟರು.