ಲ್ಯಾಪ್‌ಟಾಪ್‌ಗೆ ಹಳೇ ಪಾಸ್‌ವರ್ಡೇ ನೆನಪು

ಸೋಮವಾರ ಬೆಳಿಗ್ಗೆ ಎಂಟೂಮುಕ್ಕಾಲು. ತಿಪಟೂರಿನ ಹತ್ತಿರ ನಮ್ಮೂರ ಮನೆಯ ಜಗಲಿ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದೆ. ಹತ್ತು ಗಂಟೆಗೆ ರಿಲೀಸ್ ಇತ್ತು. ಶುಕ್ರವಾರ ರಾತ್ರಿ ಯಶವಂತಪುರದಲ್ಲಿ ರೈಲು ಹತ್ತುವಾಗಲೇ 'ಸೋಮವಾರ ಊರಿಂದಾನೇ ಕೆಲಸ ಮಾಡ್ತೀನಿ' ಅಂತ ಮ್ಯಾನೇಜರ್‌ಗೆ ಮೆಸೇಜ್ ಹಾಕಿ, ಅವರು ಹೆಬ್ಬೆರಳು ತೋರಿಸಿದ್ದೂ ಆಗಿತ್ತು.

ಪಾಸ್‌ವರ್ಡ್ ಹಾಕಿದೆ. ತಪ್ಪು ಅಂತು. ನಿಧಾನವಾಗಿ ಹಾಕಿದೆ. ತಪ್ಪು. ಪಕ್ಕದ ಕಣ್ಣಿನ ಗುರುತು ಒತ್ತಿ, ಒಂದೊಂದೇ ಅಕ್ಷರ ನೋಡ್ಕೊಂಡು ಹಾಕಿದೆ. ಆಗಲೂ ತಪ್ಪು. ಅದೇ ಪಾಸ್‌ವರ್ಡ್ ಹಾಕಿದ್ರೆ ಫೋನ್‌ನಲ್ಲಿ ಮೇಲ್ ಓಪನ್ ಆಗ್ತಿದೆ, ಲ್ಯಾಪ್‌ಟಾಪ್ ಮಾತ್ರ ಒಪ್ಪಲ್ಲ.

ಕಾಫಿ ತಂದ ಅಮ್ಮ ನನ್ನ ಮುಖ ನೋಡಿ, 'ಏನೋ, ಕೆಲಸದಿಂದ ತೆಗೆದುಬಿಟ್ರಾ?' ಅಂದರು. ತಮಾಷೆಗೇ ಅಂದಿದ್ದು. ಆದರೆ ನನ್ನ ಹೊಟ್ಟೆಯೊಳಗೆ ಆಗಲೇ ಅದೇ ಪ್ರಶ್ನೆ ಓಡ್ತಾ ಇತ್ತು. 2023ರ ಶುರುವಿನಲ್ಲಿ ದೊಡ್ಡ ದೊಡ್ಡ ಟೆಕ್ ಕಂಪನಿಗಳು ಸಾವಿರಗಟ್ಟಲೆ ಜನರನ್ನು ತೆಗೆದಾಗ, ಎಷ್ಟೋ ಮಂದಿಗೆ ವಿಷಯ ಗೊತ್ತಾಗಿದ್ದೇ ಬೆಳಿಗ್ಗೆ ಲಾಗಿನ್ ಆಗದೇ ಇದ್ದಾಗ. ಅಂದಿನಿಂದ ನಮ್ಮ ತಲೆಮಾರಿಗೆ 'ಪಾಸ್‌ವರ್ಡ್ ತಪ್ಪಾಗಿದೆ' ಅನ್ನೋ ಸಾಲು ಬರೀ ತಾಂತ್ರಿಕ ಸಮಸ್ಯೆಯಾಗಿ ಉಳಿದಿಲ್ಲ. ಅದು ಭಯ. ಭಯದಲ್ಲಿ ಏನೇನೋ ಮಾಡ್ತೀವಿ. ನನ್ನ ಟೀಮಿಗೆ ಸೇರಿ ಮೂರು ತಿಂಗಳಾಗಿದ್ದ ಹುಡುಗಿ ಒಬ್ಬಳು ಶಿರಸಿಯಿಂದ ರಾತ್ರಿ ಬಸ್ ಹತ್ತಿ, ಬೆಳಿಗ್ಗೆ ಹೆಬ್ಬಾಳದಲ್ಲಿ ಇಳಿದು, ಲಗೇಜ್ ಸಮೇತ ಆಫೀಸಿಗೆ ಬಂದಿದ್ದಳು. ಹಬ್ಬಕ್ಕೆ ಅಂತ ಊರಿಗೆ ಹೋದವಳು, ಹಬ್ಬದ ಊಟವನ್ನೂ ಮಾಡದೆ. ಆಫೀಸ್ ನೆಟ್‌ವರ್ಕ್‌ಗೆ ಬಂದ ಕೂಡಲೇ ಲಾಗಿನ್ ಆಯ್ತು. 'ಪ್ರೊಬೇಷನ್‌ನಲ್ಲಿದ್ದೀನಿ, ನಾನೇ ಏನೋ ಹಾಳು ಮಾಡಿದೆ ಅಂದ್ಕೋತಾರೆ ಅಂತ ಯಾರಿಗೂ ಹೇಳಲಿಲ್ಲ' ಅಂದಳು. ಅವಳು ಏನೂ ಹಾಳು ಮಾಡಿರಲಿಲ್ಲ. ನಾನೂ ಮಾಡಿರಲಿಲ್ಲ.

ಆಗಿದ್ದು ಇಷ್ಟು. ಭಾನುವಾರ ರಾತ್ರಿ 'ನಿಮ್ಮ ಪಾಸ್‌ವರ್ಡ್ ಅವಧಿ ಎರಡು ದಿನದಲ್ಲಿ ಮುಗಿಯುತ್ತೆ' ಅನ್ನೋ ಮೇಲ್ ನೋಡಿ, ಜವಾಬ್ದಾರಿ ಉಕ್ಕಿ ಬಂದು, ಫೋನಿನಲ್ಲೇ ಬದಲಾಯಿಸಿದೆ. ಹೊಸ ಪಾಸ್‌ವರ್ಡ್ ಕಂಪನಿಯ ಸರ್ವರ್‌ಗೆ ಗೊತ್ತಾಯ್ತು. ನನ್ನ ಪಕ್ಕದಲ್ಲೇ ಬ್ಯಾಗಿನೊಳಗೆ ಮಲಗಿದ್ದ ಲ್ಯಾಪ್‌ಟಾಪ್‌ಗೆ ಯಾರೂ ಹೇಳಲಿಲ್ಲ.

ಯಲಹಂಕದ ಯಾವುದಾದರೂ ಅಪಾರ್ಟ್‌ಮೆಂಟಿನ ಗೇಟ್ ನೆನೆಸಿಕೊಳ್ಳಿ. ನೀವು ಬಂದಾಗ ವಾಚ್‌ಮನ್ ಇಂಟರ್‌ಕಾಮ್‌ನಲ್ಲಿ ಮನೆಯವರನ್ನು ಕೇಳಿ ಒಳಗೆ ಬಿಡ್ತಾನೆ. ಇಂಟರ್‌ಕಾಮ್ ಕೆಟ್ಟಿದ್ದ ದಿನ ಮುಖ ಗುರುತಿದ್ದವರನ್ನು ಮಾತ್ರ ಬಿಡ್ತಾನೆ. ಆ ದಿನವೇ ನೀವು ಗಡ್ಡ ಬೋಳಿಸಿಕೊಂಡು ಬಂದರೆ? ಗೇಟಲ್ಲೇ ನಿಲ್ಲಬೇಕು. ಆಫೀಸಿನಲ್ಲಿ ವಿಂಡೋಸ್ ಲ್ಯಾಪ್‌ಟಾಪ್ ನೀವು ಹಾಕಿದ ಪಾಸ್‌ವರ್ಡ್ ಸರಿಯೇ ಅಂತ ಕಂಪನಿಯ ಸರ್ವರ್ ಕೇಳಿ ಒಳಗೆ ಬಿಡುತ್ತೆ. ಜೊತೆಗೆ ಅದರ ಒಂದು ಗುರುತನ್ನು ತನ್ನ ಹತ್ತಿರ ಉಳಿಸಿಕೊಳ್ಳುತ್ತೆ. ಪಾಸ್‌ವರ್ಡನ್ನೇ ಅಲ್ಲ, ಲೆಕ್ಕ ಹಾಕಿ ಗುಟ್ಟಾಗಿಸಿದ ಒಂದು ಗುರುತು. ಊರಲ್ಲಿ ಸರ್ವರ್ ಕೈಗೆ ಸಿಗಲ್ಲ, ಹಾಗಾಗಿ ಆ ಗುರುತಿಗೆ ಹೋಲಿಸುತ್ತೆ. ಅಲ್ಲಿರೋದು ಹಳೇ ಪಾಸ್‌ವರ್ಡ್‌ನ ಗುರುತು.

ಸರ್ವರ್‌ಗೆ ದಾರಿ ಮಾಡಿಕೊಡೋ ವಿಪಿಎನ್ ಇದೆಯಲ್ಲ ಅಂತೀರಾ? ಅದು ಲ್ಯಾಪ್‌ಟಾಪ್ ಒಳಗಿದೆ. ಬೀಗದ ಕೈ ಮನೆಯೊಳಗಿಟ್ಟು ಬಾಗಿಲು ಹಾಕಿಕೊಂಡ ಹಾಗೆ.

ಮದ್ದು ನಾಚಿಕೆಯಾಗುವಷ್ಟು ಸರಳ. ಹಳೇ ಪಾಸ್‌ವರ್ಡ್ ಹಾಕಿ. ಒಳಗೆ ಹೋಗ್ತೀರಿ. ಮನೆ ವೈಫೈಗೋ ಫೋನಿನ ಹಾಟ್‌ಸ್ಪಾಟ್‌ಗೋ ಸೇರಿಸಿ, ವಿಪಿಎನ್ ಹಾಕಿ. ವಿಪಿಎನ್‌ಗೆ ಹೊಸ ಪಾಸ್‌ವರ್ಡ್ ಕೊಡಿ, ಯಾಕಂದ್ರೆ ಅದು ಮಾತಾಡೋದು ಆಫೀಸಿನ ಜೊತೆ. ಒಂದೆರಡು ನಿಮಿಷ ಬಿಟ್ಟು ವಿಂಡೋಸ್ ಕೀ ಜೊತೆ ಎಲ್ ಒತ್ತಿ ಪರದೆ ಲಾಕ್ ಮಾಡಿ. ಈಗ ಹೊಸ ಪಾಸ್‌ವರ್ಡ್‌ನಿಂದ ತೆಗೀರಿ. ಈ ಸಲ ದಾರಿ ಇದೆ, ಲ್ಯಾಪ್‌ಟಾಪ್ ಸರ್ವರ್‌ನ ಕೇಳಿ, ಹೊಸ ಗುರುತು ಬರೆದುಕೊಳ್ಳುತ್ತೆ. ಕೆಲವು ಕಂಪನಿಗಳಲ್ಲಿ ಲಾಗಿನ್ ಪರದೆಯ ಮೂಲೆಯಲ್ಲೇ ವಿಪಿಎನ್ ಬಟನ್ ಇರುತ್ತೆ, ಇನ್ನು ಕೆಲವು ಕಡೆ ಲ್ಯಾಪ್‌ಟಾಪ್ ನೇರವಾಗಿ ಕ್ಲೌಡ್‌ಗೆ ಕೇಳುತ್ತೆ. ಅಂಥವರು ಲಾಗಿನ್ ಪರದೆಯಲ್ಲೇ ವೈಫೈ ಗುರುತು ಒತ್ತಿ ಇಂಟರ್‌ನೆಟ್ ಹಾಕಿಕೊಂಡರೆ ಹೊಸದೇ ನಡೆಯುತ್ತೆ.

ಹಳೇದೂ ಹೊಸದೂ ಎರಡೂ ನಡೆಯದೆ, 'ಡೊಮೇನ್ ಸಿಗ್ತಿಲ್ಲ' ಅನ್ನೋ ಅರ್ಥದ ಸಾಲು ಬಂದರೆ, ಆ ಲ್ಯಾಪ್‌ಟಾಪ್‌ನಲ್ಲಿ ನಿಮ್ಮ ಗುರುತೇ ಇಲ್ಲ ಅಂತ ಲೆಕ್ಕ. ಕೊರಿಯರ್‌ನಲ್ಲಿ ಬಂದ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಹೀಗಾಗುತ್ತೆ. ಅದಕ್ಕೆ ಹೆಲ್ಪ್‌ಡೆಸ್ಕೇ ಗತಿ, ಒದ್ದಾಡಬೇಡಿ.

ಸಣ್ಣಪುಟ್ಟ ಕಾರಣಗಳೂ ಇವೆ, ಅವನ್ನ ಮೊದಲು ನೋಡಿದವರು ಜಾಣರು. ಕ್ಯಾಪ್ಸ್ ಲಾಕ್ ಬಗ್ಗೆ ಹೇಳಲ್ಲ, ಬೈತೀರಿ. ಆದರೆ ಕೀಬೋರ್ಡ್ ಭಾಷೆ ನೋಡಿ. ಕನ್ನಡ ಟೈಪ್ ಮಾಡೋಕೆ ಅಂತ ಕನ್ನಡ ಕೀಬೋರ್ಡ್ ಸೇರಿಸಿಕೊಂಡವರು ಲಾಗಿನ್ ಪರದೆಯ ಬಲಗಡೆ ಕೆಳಗೆ ಇಂಗ್ಲಿಷ್ ಅಂತಲೇ ಇದೆಯಾ ಗಮನಿಸಿ. ಲಂಡನ್‌ಗೆ ಆನ್‌ಸೈಟ್ ಹೋಗಿ ಬಂದ ಗೆಳೆಯ ಒಬ್ಬ ಅರ್ಧ ದಿನ ಕಳೆದದ್ದು ಇಲ್ಲೇ. ಬ್ರಿಟಿಷ್ ಕೀಬೋರ್ಡ್‌ನಲ್ಲಿ ಶಿಫ್ಟ್ ಜೊತೆ 2 ಒತ್ತಿದರೆ ಅಟ್ ಗುರುತು ಬರಲ್ಲ, ಉದ್ಧರಣೆ ಚಿಹ್ನೆ ಬರುತ್ತೆ. ನಮ್ಮಲ್ಲಿ ಅರ್ಧ ಜನರ ಪಾಸ್‌ವರ್ಡ್‌ನಲ್ಲಿ ಅಟ್ ಇದ್ದೇ ಇರುತ್ತೆ.

ಇನ್ನೊಂದು ಕಾಟ: ಹೆಲ್ಪ್‌ಡೆಸ್ಕ್‌ನವರು ಅಕೌಂಟ್ ಅನ್‌ಲಾಕ್ ಮಾಡ್ತಾರೆ, ಹತ್ತು ನಿಮಿಷಕ್ಕೆ ಮತ್ತೆ ಲಾಕ್. ದೆವ್ವ ಹೊಕ್ಕಿದೆಯೇನೋ ಅನ್ನಿಸುತ್ತೆ. ದೆವ್ವ ನಿಮ್ಮ ಜೇಬಲ್ಲೇ ಇರುತ್ತೆ. ಫೋನಿನ ಅಥವಾ ಮೂಲೆಗಿಟ್ಟ ಹಳೇ ಟ್ಯಾಬ್‌ನ ಮೇಲ್ ಆಪ್ ಹಳೇ ಪಾಸ್‌ವರ್ಡ್ ಹಿಡಿದು ಸರ್ವರ್ ಬಾಗಿಲು ತಟ್ತಾನೇ ಇರುತ್ತೆ. ಇಷ್ಟು ಸಲ ತಪ್ಪಿದರೆ ಬಾಗಿಲು ಹಾಕು ಅಂತ ಸರ್ವರ್‌ಗೆ ಹೇಳಿಕೊಟ್ಟಿರ್ತಾರೆ, ಅದು ಹಾಕುತ್ತೆ. ಆ ಆಪ್‌ನಲ್ಲಿ ಪಾಸ್‌ವರ್ಡ್ ಬದಲಾಯಿಸಿ, ಆಮೇಲೆ ಅನ್‌ಲಾಕ್ ಮಾಡಿಸಿ.

ಆಥೆಂಟಿಕೇಟರ್ ಆಪ್‌ನ ಆರು ಅಂಕಿಯ ಕೋಡ್ ಬಗ್ಗೆ ಒಂದು ಮಾತು. ಅದಕ್ಕೆ ಸಿಗ್ನಲ್ ಬೇಡ. ಆಪ್ ಸೇರಿಸುವಾಗ ಸ್ಕ್ಯಾನ್ ಮಾಡಿದ ಕ್ಯೂಆರ್‌ನಲ್ಲಿದ್ದ ಗುಟ್ಟು ಮತ್ತು ಈಗಿನ ಸಮಯ, ಈ ಎರಡನ್ನೇ ಸೇರಿಸಿ ಸಾಮಾನ್ಯವಾಗಿ 30 ಸೆಕೆಂಡಿಗೊಂದು ಕೋಡ್ ಹುಟ್ಟಿಸುತ್ತೆ. ತೋಟದ ಮಧ್ಯೆ ನಿಂತರೂ ಬರುತ್ತೆ. ಎಸ್ಎಂಎಸ್ ಒಟಿಪಿಗೆ ಆ ಭಾಗ್ಯ ಇಲ್ಲ. ಆದರೆ ಫೋನಿನ ಗಡಿಯಾರ ಸರಿಯಿರಬೇಕು. ಹೆಬ್ಬಾಳದ ಟ್ರಾಫಿಕ್‌ಗೆ ಹೆದರಿ ಫೋನಿನ ಟೈಮ್ ಹತ್ತು ನಿಮಿಷ ಮುಂದಿಟ್ಟುಕೊಳ್ಳುವವರು ನನಗೆ ಗೊತ್ತು. ಅವರ ಕೋಡ್ ಪ್ರತಿ ಸಲವೂ ತಪ್ಪು. ಟೈಮನ್ನು ಆಟೊಮ್ಯಾಟಿಕ್‌ಗೆ ಹಾಕಿದರೆ ಮುಗೀತು. ಹಳೇ ಫೋನ್ ಎಕ್ಸ್‌ಚೇಂಜ್‌ಗೆ ಕೊಡೋ ಮುಂಚೆ ಆಥೆಂಟಿಕೇಟರನ್ನು ಹೊಸ ಫೋನ್‌ಗೆ ಸಾಗಿಸಿಕೊಳ್ಳಿ. ಕೊಟ್ಟ ಮೇಲೆ ನೆನಪಾದರೆ ಮತ್ತೆ ಹೆಲ್ಪ್‌ಡೆಸ್ಕ್.

ಇದೆಲ್ಲಕ್ಕಿಂತ ಕೆಟ್ಟದ್ದು ನೀಲಿ ಪರದೆ, ಬಿಟ್‌ಲಾಕರ್ ರಿಕವರಿ ಕೀ ಕೇಳುವಂಥದ್ದು. 2024ರ ಜುಲೈ 19ರ ಶುಕ್ರವಾರ ಎಲ್ಲರಿಗೂ ನೆನಪಿರಬೇಕು. ನಮ್ಮ ಬೆಳಿಗ್ಗೆ 9 ಗಂಟೆ 39 ನಿಮಿಷಕ್ಕೆ ಕ್ರೌಡ್‌ಸ್ಟ್ರೈಕ್ ಅನ್ನೋ ಭದ್ರತಾ ಕಂಪನಿ ಒಂದು ಅಪ್‌ಡೇಟ್ ಕಳಿಸಿತು. ಒಂದೂವರೆ ಗಂಟೆಯೊಳಗೆ ವಾಪಸ್ ತಗೊಂಡರೂ ಅಷ್ಟರಲ್ಲಿ ಜಗತ್ತಿನಲ್ಲಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಬಿದ್ದಿದ್ದವು ಅನ್ನೋದು ಮೈಕ್ರೋಸಾಫ್ಟ್ ಕೊಟ್ಟ ಅಂದಾಜು. ಯಲಹಂಕದ ಆಚೆ, ನಮ್ಮ ದೇವನಹಳ್ಳಿ ಏರ್‌ಪೋರ್ಟ್‌ನಲ್ಲೂ ಕೆಲವು ವಿಮಾನ ಕಂಪನಿಗಳು ಕೈಯಲ್ಲೇ ಚೆಕ್-ಇನ್ ಮಾಡಬೇಕಾಯ್ತು.

ರಿಪೇರಿ ಹೇಳೋಕೆ ಸುಲಭ: ಸೇಫ್ ಮೋಡ್‌ಗೆ ಹೋಗಿ ಒಂದು ಫೈಲ್ ಅಳಿಸಬೇಕು. ಆದರೆ ಆಫೀಸ್ ಲ್ಯಾಪ್‌ಟಾಪ್‌ಗಳ ಡಿಸ್ಕ್‌ಗೆ ಬೀಗ ಹಾಕಿರ್ತಾರೆ, ಆ ಬೀಗಕ್ಕೆ 48 ಅಂಕಿಗಳ ರಿಕವರಿ ಕೀ ಬೇಕು. ಆಫೀಸಿನಲ್ಲಿದ್ದರೆ ಐಟಿಯವರು ಬಂದು ಒತ್ತಿಕೊಡಬಹುದು. ಮನೆಯಲ್ಲಿದ್ದವರಿಗೆ ಫೋನಿನಲ್ಲಿ ಓದಿ ಹೇಳಬೇಕು. ಆರಾರು ಅಂಕಿಯ ಎಂಟು ಗುಂಪು. ಒಂದು ಒಳ್ಳೇ ವಿಷಯ ಅಂದ್ರೆ ಪ್ರತಿ ಗುಂಪೂ 11ರಿಂದ ಭಾಗವಾಗುವ ಸಂಖ್ಯೆ. ಅದಕ್ಕೇ ಒಂದು ಅಂಕಿ ತಪ್ಪಿದರೆ ಆ ಗುಂಪಲ್ಲೇ ಸಿಕ್ಕಿಬೀಳುತ್ತೆ. ಇಂಥ ಅಚ್ಚುಕಟ್ಟು ಯೋಚನೆ ಮಾಡಿದ ಎಂಜಿನಿಯರ್‌ಗೆ ನನ್ನದೊಂದು ನಮಸ್ಕಾರ. ಈ ಪರದೆ ಬಯಾಸ್ ಅಪ್‌ಡೇಟ್ ಆದಮೇಲೂ ಒಮ್ಮೊಮ್ಮೆ ಬರುತ್ತೆ. ಗಾಬರಿಯಾಗಬೇಡಿ, ಡೇಟಾ ಹೋಗಿಲ್ಲ. ಕೀ ನಿಮ್ಮ ಕಂಪನಿ ಹತ್ತಿರ ಇರುತ್ತೆ. ಕೆಲವು ಕಂಪನಿಗಳಲ್ಲಿ ಫೋನಿನಿಂದಲೇ ನಿಮ್ಮ ಅಕೌಂಟ್ ಪುಟ ತೆರೆದು ಸಾಧನಗಳ ಪಟ್ಟಿಯಲ್ಲಿ ನೋಡ್ಕೋಬಹುದು.

ಆ ಗಲಾಟೆ ಮಧ್ಯೆ 'ಕ್ರೌಡ್‌ಸ್ಟ್ರೈಕ್ ಸಪೋರ್ಟ್‌ನಿಂದ' ಅಂತ ಫೋನ್ ಮಾಡೋ, ಮೇಲ್ ಕಳಿಸೋ ಕಳ್ಳರೂ ಎದ್ದರು. ನಮ್ಮ ಸರ್ಟ್-ಇನ್ ಕೂಡ ಎಚ್ಚರಿಕೆ ಕೊಡಬೇಕಾಯ್ತು. ಇದು ಅಂಥ ದಿನಗಳಲ್ಲಿ ಮಾತ್ರ ನಡೆಯೋದಲ್ಲ. ಆರ್.ಟಿ. ನಗರದ ಪಿಜಿಯಲ್ಲಿದ್ದಾಗ ನನ್ನ ರೂಮ್‌ಮೇಟ್‌ಗೆ ಒಂದು ಸಂಜೆ ಅಕೌಂಟ್ ಲಾಕ್ ಆಯ್ತು. ಐದೇ ನಿಮಿಷಕ್ಕೆ ಕಾಲ್ ಬಂತು: 'ಐಟಿ ಟೀಮ್‌ನಿಂದ ಮಾತಾಡ್ತಿರೋದು, ನಿಮ್ಮ ಅಕೌಂಟ್ ಲಾಕ್ ಆಗಿದೆಯಲ್ಲ, ನಾನು ಸರಿ ಮಾಡ್ತೀನಿ, ಆಪ್‌ನಲ್ಲಿ ಒಂದು ನಂಬರ್ ಕೇಳುತ್ತೆ, 57 ಹಾಕಿ.' ಎಷ್ಟು ಒಳ್ಳೇ ಸರ್ವಿಸ್! ಇವನು ಹಾಕೋದರಲ್ಲಿದ್ದ. ಹೆಲ್ಪ್‌ಡೆಸ್ಕ್‌ಗೆ ನಾನಿನ್ನೂ ಫೋನೇ ಮಾಡಿಲ್ವಲ್ಲ, ಇವರಿಗೆ ಹೇಗೆ ಗೊತ್ತಾಯ್ತು ಅಂತ ಕೊನೇ ಗಳಿಗೆಯಲ್ಲಿ ಹೊಳೀತು. ಲಾಕ್ ಮಾಡಿಸಿದ್ದೇ ಅವನು, ತಪ್ಪು ಪಾಸ್‌ವರ್ಡ್ ಹಾಕಿ ಹಾಕಿ. ಆ 57 ಅವನ ಪರದೆ ಮೇಲಿದ್ದ ನಂಬರು. ಇವನು ಒತ್ತಿದ್ದರೆ ಬಾಗಿಲು ತೆಗೆಯುತ್ತಿದ್ದದ್ದು ಕಳ್ಳನಿಗೆ.

ನಾವೇ ಲಾಗಿನ್ ಮಾಡುವಾಗ ನಮ್ಮ ಪರದೆ ಮೇಲೆ ಕಂಡ ನಂಬರನ್ನಷ್ಟೇ ಆಪ್‌ನಲ್ಲಿ ಹಾಕಬೇಕು, ಫೋನಿನಲ್ಲಿ ಯಾರೋ ಹೇಳಿದ್ದನ್ನಲ್ಲ. ಪಾಸ್‌ವರ್ಡನ್ನು ನಿಜವಾದ ಹೆಲ್ಪ್‌ಡೆಸ್ಕ್‌ನವರೂ ಕೇಳೋ ಅಗತ್ಯ ಇಲ್ಲ, ಅವರು ಹೊಸದು ಹಾಕಿಕೊಡಬಲ್ಲರು. ಅನುಮಾನ ಬಂದರೆ ಕಾಲ್ ಕಟ್ ಮಾಡಿ, ನಿಮ್ಮ ಹತ್ತಿರ ಇರೋ ಆಫೀಸ್ ನಂಬರಿಗೆ ನೀವೇ ಮಾಡಿ. ಒತ್ತಿಬಿಟ್ಟಿದ್ದರೆ ಮುಚ್ಚಿಡಬೇಡಿ, ತಕ್ಷಣ ಆಫೀಸಿಗೆ ಹೇಳಿ. ದುಡ್ಡೂ ಹೋಗಿದ್ದರೆ 1930ಕ್ಕೆ ಫೋನ್ ಮಾಡಿ.

ಹೊಟ್ಟೆಯುರಿಯ ಒಂದು ಮಾತು ಹೇಳಿಬಿಡ್ತೀನಿ. ಈ 90 ದಿನಕ್ಕೊಮ್ಮೆ ಪಾಸ್‌ವರ್ಡ್ ಬದಲಾಯಿಸುವ ಶಾಸ್ತ್ರವನ್ನು ಬಿಡಿ ಅಂತ ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ 2017ರಲ್ಲೇ ಹೇಳಿದೆ. ಸೋರಿಕೆಯಾದ ಸುಳಿವು ಸಿಕ್ಕರೆ ಮಾತ್ರ ಬದಲಾಯಿಸಿ ಅಂತ. ಮೈಕ್ರೋಸಾಫ್ಟ್ 2019ರಲ್ಲಿ ತನ್ನ ಶಿಫಾರಸು ಪಟ್ಟಿಯಿಂದ ಅದನ್ನು ತೆಗೆದುಹಾಕಿತು. ಕಾರಣ ನಿಮಗೂ ಗೊತ್ತು: ಮೂರು ತಿಂಗಳಿಗೊಮ್ಮೆ ಕೇಳಿದರೆ ಜನ ಯುಗಾದಿ ಅಟ್ 1, ದಸರಾ ಅಟ್ 2 ಅಂತ ಹಾಕ್ತಾರೆ. ಆದರೂ ಎಷ್ಟೋ ಆಫೀಸುಗಳಲ್ಲಿ ನಿಯಮ ಹಾಗೇ ಇದೆ. ಕೇಳಿದರೆ 'ಆಡಿಟ್‌ನಲ್ಲಿ ಕೇಳ್ತಾರೆ' ಅನ್ನೋ ಉತ್ತರ.

ಸರಿ, ಆ ಸೋಮವಾರ. ಇಷ್ಟೆಲ್ಲ ಬಲ್ಲ ನಾನು ಹಳೇ ಪಾಸ್‌ವರ್ಡ್ ಹಾಕಬೇಕು ಅಂತ ಹೊಳೆಯೋಕೆ ನಲವತ್ತು ನಿಮಿಷ ತಗೊಂಡೆ. ಅದರಲ್ಲಿ ಮೂವತ್ತು ನಿಮಿಷ ಹೆಲ್ಪ್‌ಡೆಸ್ಕ್ ನಂಬರ್ ಹುಡುಕಿದ್ದು. ನಂಬರ್ ಇದ್ದದ್ದು ಲ್ಯಾಪ್‌ಟಾಪ್ ವಾಲ್‌ಪೇಪರಿನಲ್ಲಿ, ಲಾಗಿನ್ ಆದಮೇಲೆ ಕಾಣೋ ಜಾಗದಲ್ಲಿ! ಹತ್ತು ಗಂಟೆಗೆ ಮೂರು ನಿಮಿಷ ಇರುವಾಗ ಕಾಲ್‌ಗೆ ಸೇರಿದೆ, ರಿಲೀಸ್ ಆಯ್ತು, ಯಾರಿಗೂ ಏನೂ ಗೊತ್ತಾಗಲಿಲ್ಲ.

ಈಗ ಊರಿಗೆ ಹೊರಡುವ ಶುಕ್ರವಾರ, ಅವಧಿ ಹತ್ತಿರವಿದ್ದರೆ, ಆಫೀಸಿನಲ್ಲಿ ಕೂತೇ ಪಾಸ್‌ವರ್ಡ್ ಬದಲಾಯಿಸ್ತೀನಿ. ಲಾಕ್ ಮಾಡಿ ಹೊಸದರಲ್ಲಿ ತೆಗೆದು ನೋಡಿ, ಫೋನಿನ ಮೇಲ್ ಆಪ್‌ನಲ್ಲೂ ಹಾಕಿ, ಆಮೇಲೆ ಬ್ಯಾಗ್ ಮುಚ್ಚೋದು. ಶಿರಸಿ ಹುಡುಗಿಗೂ ಹೇಳಿಕೊಟ್ಟೆ. ಈಗ ಟೀಮಿನಲ್ಲಿ ಯಾರಿಗೆ ಲಾಗಿನ್ ಆಗದಿದ್ದರೂ ಮೊದಲು ಗ್ರೂಪಿನಲ್ಲಿ 'ಹಳೇದು ಹಾಕಿ ನೋಡಿದ್ರಾ?' ಅಂತ ಕೇಳೋದು ಅವಳೇ. ಹೆಲ್ಪ್‌ಡೆಸ್ಕ್ ನಂಬರ್ ಚೀಟಿಯಲ್ಲಿ ಬರೆದು ಪರ್ಸಿನಲ್ಲಿಟ್ಟಿದ್ದೀನಿ. ಊರಲ್ಲಿ ಅಪ್ಪನೂ ಅದನ್ನ ಅಡುಗೆಮನೆ ಕ್ಯಾಲೆಂಡರಿನ ಮೇಲೆ, ಗ್ಯಾಸ್ ಏಜೆನ್ಸಿ ನಂಬರಿನ ಕೆಳಗೆ, 'ಮಗನ ಕಂಪ್ಯೂಟರ್' ಅಂತ ಬರೆದಿಟ್ಟಿದ್ದಾರೆ.