ಅಗುಳಿಯಿಲ್ಲದ ಬಾಗಿಲು

ರಾತ್ರಿ ಮಲಗುವ ಮುನ್ನ ಬಾಗಿಲಿನ ಅಗುಳಿಯನ್ನು ಎರಡು ಬಾರಿ ಮುಟ್ಟಿ ನೋಡುವ ಗೃಹಸ್ಥನೇ, ಮರುದಿನ ಬಟ್ಟೆಯಂಗಡಿಯಲ್ಲಿ ಕೇಳಿದೊಡನೆ ತನ್ನ ಫೋನಿನ ಸಂಖ್ಯೆಯನ್ನೂ ಹುಟ್ಟಿದ ತಾರೀಖನ್ನೂ ನಿಶ್ಚಿಂತೆಯಿಂದ ಹೇಳಿಬಿಡುತ್ತಾನೆ. ಕಳ್ಳನೊಯ್ಯುವ ಚೆಂಬಿಗೆ ಬೆಲೆಯುಂಟು, ಬಾಯಿಂದ ಹೊರಬಿದ್ದ ಅಂಕೆಗಳಿಗೇನು ಬೆಲೆ ಎಂಬುದು ಅವನ ಎಣಿಕೆ. ಈ ಎಣಿಕೆಯ ಅಪಾಯವನ್ನು ಅರ್ಧ ಶತಮಾನದ ಹಿಂದೆಯೇ ಮನಗಂಡ ಇಟಲಿಯ ನ್ಯಾಯಶಾಸ್ತ್ರಜ್ಞರೊಬ್ಬರನ್ನು ಈ ವಾರ ವಾಚಕರಿಗೆ ಪರಿಚಯಿಸುತ್ತೇನೆ.

ಸ್ತೆಫಾನೊ ರೊಡೊಟಾ 1933ರಲ್ಲಿ ದಕ್ಷಿಣ ಇಟಲಿಯ ಕೊಸೆಂಜಾದಲ್ಲಿ ಜನಿಸಿದರು. ರೋಮ್ ವಿಶ್ವವಿದ್ಯಾನಿಲಯದಲ್ಲಿ ಸಿವಿಲ್ ಕಾನೂನಿನ ಪ್ರಾಧ್ಯಾಪಕರಾಗಿದ್ದರು. ಸಿವಿಲ್ ಕಾನೂನೆಂದರೆ ‘ನನ್ನದು, ನಿನ್ನದು’ ಎಂಬುದರ ಶಾಸ್ತ್ರ. ಆಸ್ತಿ, ಕರಾರು, ನಷ್ಟಪರಿಹಾರಗಳೇ ಅದರ ಸಾಮಗ್ರಿ. ಆಸ್ತಿಯ ಹಕ್ಕನ್ನು ಕುರಿತ ಅವರ ಪ್ರಸಿದ್ಧ ಗ್ರಂಥ 1981ರಲ್ಲಿ ಪ್ರಕಟವಾಯಿತು. ಅದರ ಹೆಸರು ‘ಭಯಂಕರ ಹಕ್ಕು’. ಹದಿನೆಂಟನೆಯ ಶತಮಾನದ ಬೆಕ್ಕಾರಿಯಾ ಆಸ್ತಿಯ ಹಕ್ಕಿಗೆ ಕೊಟ್ಟಿದ್ದ ವಿಶೇಷಣವೇ ಅದು.

ಇಂಥ ವಿದ್ವಾಂಸರು, ಗಣಕಯಂತ್ರವು ಮನೆಮನೆಗೆ ಬರುವುದಕ್ಕೆ ಬಹಳ ಮೊದಲೇ, 1973ರಲ್ಲಿ, ಆ ಯಂತ್ರಕ್ಕೂ ಸಾಮಾಜಿಕ ನಿಯಂತ್ರಣಕ್ಕೂ ಇರುವ ಸಂಬಂಧವನ್ನು ಕುರಿತು ಪುಸ್ತಕ ಬರೆದರು. ಅದುವರೆಗೆ ಖಾಸಗಿತನವೆಂದರೆ ‘ನನ್ನ ಪಾಡಿಗೆ ನನ್ನನ್ನು ಬಿಡಿ’ ಎನ್ನುವ ಹಕ್ಕೆಂದು ಬಹುಮಂದಿ ತಿಳಿದಿದ್ದರು. ರೊಡೊಟಾ ಅವರಿಗೆ ಅಷ್ಟು ಸಾಲದೆನಿಸಿತು. ನನ್ನನ್ನು ಕುರಿತ ವಿವರಗಳು ಯಾರ ಕೈಯಲ್ಲಿವೆ, ಅವು ಸರಿಯಾಗಿವೆಯೆ, ಅವನ್ನು ಯಾವ ಕೆಲಸಕ್ಕೆ ಬಳಸುತ್ತಿದ್ದಾರೆ ಎಂದು ಕೇಳುವ ಅಧಿಕಾರವೂ ನನಗಿರಬೇಕೆಂಬುದು ಅವರ ವಾದದ ತಿರುಳು.

ಹಾಗಾದರೆ ಆ ವಿವರಗಳು ನನ್ನ ಆಸ್ತಿಯಲ್ಲವೆ? ಈ ಪ್ರಶ್ನೆ ಸಹಜವಾದುದು. ಆದರೆ ಆಸ್ತಿಯ ಶಾಸ್ತ್ರದಲ್ಲಿ ಪಾರಂಗತರಾದ ಈ ಮನುಷ್ಯರೇ ಆ ಹಾದಿಯನ್ನು ಹಿಡಿಯಲಿಲ್ಲ. ಕಾರಣ ಸ್ಪಷ್ಟ. ಆಸ್ತಿಯೆಂದ ಮೇಲೆ ಅದನ್ನು ಮಾರಬಹುದು. ಮಾರಬಹುದಾದುದನ್ನು ಮೊದಲು ಮಾರುವವನು ಬಡವ. ಉಳ್ಳವನ ಬದುಕಿಗೆ ಮರೆಯಿದ್ದು, ಇಲ್ಲದವನ ಬದುಕು ಬಟ್ಟಬಯಲಾಗುವುದು ನ್ಯಾಯವೆ? ಆದ್ದರಿಂದ ರೊಡೊಟಾ ಇನ್ನೊಂದು ಹೋಲಿಕೆಯನ್ನು ಮುಂದಿಟ್ಟರು. ನಮಗೆ ರಕ್ತಮಾಂಸಗಳ ದೇಹವಿರುವಂತೆಯೇ, ಎಲ್ಲೆಲ್ಲಿಯೋ ದಾಖಲಾದ ವಿವರಗಳಿಂದಾದ ವಿದ್ಯುನ್ಮಾನ ದೇಹವೊಂದು ಇದೆ. ಅಕ್ರಮವಾಗಿ ಒಬ್ಬನನ್ನು ಸೆರೆಹಿಡಿಯಬಾರದೆಂಬ ಹಳೆಯ ರಕ್ಷಣೆ ಈ ಎರಡನೆಯ ದೇಹಕ್ಕೂ ಸಲ್ಲಬೇಕು.

ಈ ವಿಚಾರ ಗ್ರಂಥದಲ್ಲಿಯೇ ಉಳಿಯಲಿಲ್ಲ. 1979ರಿಂದ 1994ರವರೆಗೆ ರೊಡೊಟಾ ಸಂಸತ್ತಿನ ಸದಸ್ಯರಾಗಿದ್ದರು. ಇಟಲಿಯ ಮಾಹಿತಿ ಸಂರಕ್ಷಣಾ ಪ್ರಾಧಿಕಾರ ಸ್ಥಾಪನೆಯಾದಾಗ ಅದರ ಮೊದಲ ಅಧ್ಯಕ್ಷರಾಗಿ 1997ರಿಂದ 2005ರವರೆಗೆ ದುಡಿದರು. ಐರೋಪ್ಯ ಒಕ್ಕೂಟದ ಮೂಲಭೂತ ಹಕ್ಕುಗಳ ಸನ್ನದನ್ನು ಸಿದ್ಧಪಡಿಸಿದ ಸಭೆಯಲ್ಲಿಯೂ ಅವರಿದ್ದರು. 2000ದ ಡಿಸೆಂಬರಿನಲ್ಲಿ ಘೋಷಿತವಾದ ಆ ಸನ್ನದಿನ ಏಳನೆಯ ವಿಧಿ ಖಾಸಗಿ ಬದುಕಿಗೆ, ಎಂಟನೆಯದು ಪ್ರತ್ಯೇಕವಾಗಿ ವೈಯಕ್ತಿಕ ಮಾಹಿತಿಗೆ ರಕ್ಷಣೆ ನೀಡುತ್ತವೆ. ಮಾನವದೇಹವನ್ನು ಲಾಭದ ಸರಕಾಗಿಸಬಾರದೆಂಬ ನಿಷೇಧ ಅದರ ಮೂರನೆಯ ವಿಧಿಯಲ್ಲಿಯೇ ಇದೆ. ಒಂದೇ ಸನ್ನದಿನಲ್ಲಿ ಎರಡು ದೇಹಗಳಿಗೂ ಆಶ್ರಯ ದೊರೆಯಿತೆನ್ನಬಹುದು.

ರೊಡೊಟಾ 2017ರ ಜೂನ್ 23ರಂದು ತೀರಿಕೊಂಡರು. ಅದಾಗಿ ಎರಡು ತಿಂಗಳಲ್ಲಿ, ಆಗಸ್ಟ್ 24ರಂದು, ನಮ್ಮ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿದರು. ಇತರ ದೇಶಗಳ ಕಾನೂನನ್ನು ಪರಿಶೀಲಿಸುವಾಗ ಅವರು ಐರೋಪ್ಯ ಸನ್ನದನ್ನೂ ಗಮನಕ್ಕೆ ತಂದುಕೊಂಡರು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಎಂಬುದು ಕನ್ನಡಿಗರು ಹೆಮ್ಮೆಪಡುವ ಸಂಗತಿ.

ತೀರ್ಪು, ಕಾಯಿದೆಗಳು ಅಗುಳಿಯನ್ನು ಮಾಡಿಕೊಡಬಲ್ಲವು, ಹಾಕಿಕೊಳ್ಳಬೇಕಾದವರು ಮನೆಯವರೇ. ನಾಳೆ ಅಂಗಡಿಯಾತ ಸಂಖ್ಯೆಯನ್ನು ಕೇಳಿದಾಗ ‘ಏತಕ್ಕಪ್ಪ?’ ಎಂದೊಮ್ಮೆ ವಿಚಾರಿಸಿದರೆ ಅದು ಒರಟುತನವಲ್ಲ. ಹಕ್ಕುಳ್ಳ ಪ್ರಜೆಯ ಸಹಜವಾದ ಮಾತು.